ಕೆಮ್ಮಣ್ಣುಗುಂಡಿಗೆ ಇಬ್ಬರ ಚೀಟಿ

ಮದುವೆಯಾಗಿ ಹನ್ನೊಂದು ವರ್ಷಕ್ಕೆ ನನಗೊಂದು ಕೆಟ್ಟ ಆಸೆ ಹುಟ್ಟಿತು. ಬೇಸಿಗೆಯಲ್ಲಿ ಎರಡು ದಿನ, ಮಕ್ಕಳನ್ನು ಬಿಟ್ಟು, ಗಂಡನ ಜೊತೆ ಎಲ್ಲಿಗಾದರೂ ತಂಪಾದ ಜಾಗಕ್ಕೆ ಹೋಗಿ ಬರಬೇಕು ಅಂತ. ಅದು ಕೆಟ್ಟ ಆಸೆಯೆಂದು ಆಗ ಗೊತ್ತಿರಲಿಲ್ಲ. ಮನೆಯವರು ಒಬ್ಬೊಬ್ಬರಾಗಿ ತಿಳಿಸಿಕೊಟ್ಟರು.

ಎಂಬತ್ತರ ದಶಕದ ಆರಂಭ. ಅಜ್ಜಂಪುರದಲ್ಲಿ ನಮ್ಮದು ತುಂಬಿದ ಮನೆ. ಅತ್ತೆ, ಮಾವ, ಭಾವ, ಓರಗಿತ್ತಿ, ಅವರ ನಾಲ್ಕು ಮಕ್ಕಳು, ನಮ್ಮ ಮೂರು. ಮಾವ ಮತ್ತು ಭಾವ ಈರುಳ್ಳಿ, ಕೊಬ್ಬರಿ ವ್ಯಾಪಾರ ನೋಡಿಕೊಳ್ಳುತ್ತಿದ್ದರು. ನಮ್ಮ ಯಜಮಾನರು ಮಾತ್ರ ನಾಲ್ಕಕ್ಷರ ಕಲಿತು, ಕಡೂರಿನ ಕಚೇರಿಯೊಂದರಲ್ಲಿ ಗುಮಾಸ್ತರಾಗಿ, ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಬೆಳಗ್ಗೆ ಅವರು ಹೊರಡುವಾಗ ನಾನು ಒಲೆ ಮುಂದೆ, ಸಂಜೆ ಬರುವಾಗಲೂ ಒಲೆ ಮುಂದೆ. ಗಂಡಸರು ಉಂಡು ಎದ್ದ ಮೇಲೆ ಹೆಂಗಸರ ಊಟ. ಹಗಲು ಹೊತ್ತು ನಮ್ಮಿಬ್ಬರ ಮಾತುಕತೆ "ಬುತ್ತಿ ಕಟ್ಟಿದ್ಯಾ?" "ಕಟ್ಟೀನಿ" ಇಷ್ಟರಲ್ಲಿ ಮುಗಿಯುತ್ತಿತ್ತು. ಹಾಗಾದರೆ ಮೂರು ಮಕ್ಕಳಾದದ್ದು ಹೇಗೆ ಎಂದು ಕೇಳಬೇಡಿ. ಮಕ್ಕಳಾಗುವುದಕ್ಕೆ ಮಾತು ಬೇಕಿಲ್ಲ.

ಆಸೆಯನ್ನು ತಲೆಗೆ ಹತ್ತಿಸಿದ್ದು ಇವರ ಕಚೇರಿಗೆ ಹೊಸದಾಗಿ ಬಂದಿದ್ದ ಸಾಹೇಬರ ಹೆಂಡತಿ. ಯಾವುದೋ ಆರತಿ ಅಕ್ಷತೆಗೆಂದು ಕಡೂರಿನ ಅವರ ಮನೆಗೆ ಹೋದಾಗ ಒಂದು ಫೋಟೋ ತೋರಿಸಿದರು. ಗಂಡ ಹೆಂಡತಿ ಇಬ್ಬರೇ ಊಟಿಯ ಹೂದೋಟದಲ್ಲಿ ನಿಂತಿದ್ದಾರೆ. "ಮಕ್ಕಳು?" ಎಂದೆ. "ಅಜ್ಜಿ ಹತ್ರ ಬಿಟ್ಟಿದ್ವಿ" ಎಂದರು, ಕೊಡೆಯನ್ನು ಬಿಟ್ಟು ಬಂದವರ ಹಾಗೆ. ಫೋಟೋದಲ್ಲಿ ಸಾಹೇಬರ ಬಾಯಿ ತೆರೆದಿತ್ತು. ಏನೋ ಹೇಳುತ್ತಿದ್ದರು, ಆಕೆ ನಗುತ್ತಿದ್ದರು. ಹೂವು ನನಗೆ ಕಾಣಲೇ ಇಲ್ಲ. ಆ ಮನುಷ್ಯ ಹೆಂಡತಿಗೆ ಅಷ್ಟು ಉದ್ದಕ್ಕೆ ಏನು ಹೇಳುತ್ತಿರಬಹುದು ಎಂಬುದೇ ನನ್ನ ಯೋಚನೆ. ನನಗೂ ಅಂಥದ್ದು ಬೇಕಿತ್ತು. ಹೂದೋಟ ಇಲ್ಲದಿದ್ದರೂ ನಡೆಯುತ್ತಿತ್ತು, ಮಾತು ಬೇಕಿತ್ತು.

ಒಂದು ಭಾನುವಾರ ಧೈರ್ಯ ಮಾಡಿ ಇವರಿಗೆ ಹೇಳಿದೆ. ಇವರು ಸುತ್ತಮುತ್ತ ನೋಡಿ, "ಆಯ್ತು, ನೋಡಾಣ" ಎಂದರು. ನೋಡಿದವರು ಮಾತ್ರ ಮನೆಮಂದಿಯೆಲ್ಲ. ಬಚ್ಚಲ ಹತ್ತಿರ ಆಡಿದ ಮಾತು ಸಂಜೆಯೊಳಗೆ ಪಡಸಾಲೆಗೆ ಬಂದಿತ್ತು, ಊರು ಆರಿಸುವ ಕೆಲಸವೂ ಅಲ್ಲಿಗೆ ವರ್ಗವಾಗಿತ್ತು.

ಮೊದಲು ಮೈಸೂರು ಎಂದೆವು. ಮೈಸೂರಿನಲ್ಲಿ ನಾದಿನಿ ಇದ್ದಾಳೆ. ಅವಳ ಮನೆಯಲ್ಲಿ ಇಳಿಯದಿದ್ದರೆ ಜನ್ಮದಲ್ಲಿ ಕ್ಷಮಿಸುವುದಿಲ್ಲ. ಇಳಿದರೆ ನನಗೆ ಅಲ್ಲಿಯೂ ಒಲೆ, ಇವರಿಗೆ ಅಲ್ಲಿಯೂ ಪಡಸಾಲೆ. ಶಿವಮೊಗ್ಗದಲ್ಲಿ ಅತ್ತೆಯ ತಂಗಿ, ಚಿಕ್ಕಮಗಳೂರಿನಲ್ಲಿ ಭಾವನ ಬೀಗರು. ಸರಿ, ನೆಂಟರಿಲ್ಲದ ಊರು ನೋಡೋಣವೆಂದರೆ ಮಾವ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಕೇಳಿದರು. "ಮಡಿಕೇರಿನಾ? ಅಲ್ಲಿ ಯಾರವ್ರೆ ನಮ್ಮೋರು? ಯಾರ ಮನೇಲಿ ಉಣ್ತೀರಿ?"

"ಹೋಟ್ಲು ಇರ್ತಾವಲ್ಲ ಅಪ್ಪಾ" ಎಂದರು ಇವರು.

"ಹೋಟ್ಲಲ್ಲಿ ಮಲಗೋಕೆ ನಿಮಗೇನು ಮನೆ ಇಲ್ವಾ?"

ಒಟ್ಟಿನಲ್ಲಿ ನೆಂಟರಿರುವ ಊರಿಗೆ ಹೋಗಿ ಪ್ರಯೋಜನವಿಲ್ಲ, ಇಲ್ಲದ ಊರಿಗೆ ಹೋಗುವ ಹಾಗಿಲ್ಲ. ಭೂಪಟದಲ್ಲಿ ಇವೆರಡೂ ಅಲ್ಲದ ಮೂರನೆಯ ಜಾತಿಯ ಊರು ಇದ್ದಂತಿರಲಿಲ್ಲ. ಜೋಗಕ್ಕೆ ಹೋಗೋಣವೆಂದರೆ ಮೇ ತಿಂಗಳಲ್ಲಿ ಅಲ್ಲಿ ಬರಿ ಬಂಡೆ. "ಬಂಡೆ ನೋಡಕ್ಕೆ ಅಲ್ಲೀಗಂಟ ಯಾಕೆ, ನಮ್ಮ ಹೊಲದಾಗೇ ಬೇಕಾದಷ್ಟವೆ" ಎಂದರು ಭಾವ.

ಅಷ್ಟರಲ್ಲಿ ಸುದ್ದಿ ಬೀದಿಗೆ ಬಿದ್ದಿತ್ತು. ನಮ್ಮ ಕಡೆ ಗಂಡ ಹೆಂಡತಿ ಮಕ್ಕಳಿಲ್ಲದೆ ಊರು ಬಿಡುವುದು ಎರಡೇ ಕಾರಣಕ್ಕೆ, ದೊಡ್ಡಾಸ್ಪತ್ರೆ ಇಲ್ಲ ಕೋರ್ಟು. ಎದುರು ಮನೆಯಾಕೆ ಬಾವಿಕಟ್ಟೆಯಲ್ಲಿ ನನ್ನ ಕೈ ಹಿಡಿದುಕೊಂಡು, "ಡಾಕ್ಟ್ರು ಏನಂದ್ರು ತಾಯೀ? ನಂಗಾದ್ರೂ ಹೇಳು" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಅವರ ಓರಗಿತ್ತಿಗೆ ಬೇರೆ ವರದಿ ಮುಟ್ಟಿತ್ತು. "ಭಾಗ ಆಗ್ತೀರಂತೆ? ಕೆರೆ ಕೆಳಗಿನ ಗದ್ದೆ ಬಿಟ್ಕೊಡಬ್ಯಾಡಿ ಕಣೇ" ಎಂದು ಕಿವಿಯಲ್ಲಿ ಹೇಳಿದರು. ತಂಪು ಗಾಳಿ ಕುಡಿಯಲು ಹೊರಟಿದ್ದೇವೆ ಎಂದರೆ ಇಬ್ಬರೂ ನಂಬಲಿಲ್ಲ.

ಆಗ ನಮ್ಮ ಯಜಮಾನರಿಗೆ ಜ್ಞಾನೋದಯವಾಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ ಅವರು. ತರೀಕೆರೆ ದಾಟಿ ಲಿಂಗದಹಳ್ಳಿ ಮೇಲೆ ಹೋದರೆ ಕೆಮ್ಮಣ್ಣುಗುಂಡಿ. ಬೆಟ್ಟದ ತುದಿ, ಹೂದೋಟ, ತಂಗಲು ಸರ್ಕಾರದ ರೂಮು. ಊರಲ್ಲದ ಊರಾದ್ದರಿಂದ ನೆಂಟರು ಇದ್ದಾರೋ ಇಲ್ಲವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಹೋಗುವ ದಾರಿಯಲ್ಲೇ ಕಲ್ಲತ್ತಿಗಿರಿ, ಅಲ್ಲಿ ವೀರಭದ್ರ. ಇವರು ಗುಟ್ಟಾಗಿ ತರೀಕೆರೆಯಲ್ಲಿ ವಿಚಾರಿಸಿ ಇಬ್ಬರ ಹೆಸರಿಗೆ ಒಂದು ರೂಮಿನ ಚೀಟಿ ಬರೆಸಿಕೊಂಡು ಬಂದರು. ಆಮೇಲೆ ರಾತ್ರಿ ಊಟಕ್ಕೆ ಕೂತಾಗ ತಟ್ಟೆಯನ್ನೇ ನೋಡುತ್ತ ಹೇಳಿದರು. "ಕಲ್ಲತ್ತಿಗಿರಿ ಸ್ವಾಮಿಗೆ ಒಂದು ಹರಕೆ ಐತೆ ಅಪ್ಪಾ. ನಾವಿಬ್ರೂ ಹೋಗಿ ತೀರಿಸ್ಕಂಡು, ಹಂಗೇ ಮೇಲೆ ಒಂದಿನ ಇದ್ದು ಬತ್ತೀವಿ."

ಮಾವನ ಕೈಯಲ್ಲಿದ್ದ ಮುದ್ದೆ ಕೈಯಲ್ಲೇ ನಿಂತಿತು. "ಏನಂತ ಹರಕೆ?"

ಪಾಪ, ಇವರು ಅಲ್ಲಿವರೆಗೆ ಯೋಚನೆ ಮಾಡಿರಲಿಲ್ಲ. ಸ್ವಲ್ಪ ಹೊತ್ತು ಸಾರು ಕಲಸಿದರು. "ಇವಳಿಗೆ... ತಲೆನೋವು" ಎಂದರು.

ಹುಟ್ಟಿದಾರಭ್ಯ ನನಗೆ ತಲೆನೋವು ಬಂದದ್ದಿಲ್ಲ. ಅವತ್ತಿನಿಂದ ಬರಿಸಿಕೊಳ್ಳಬೇಕಾಯಿತು. ಮೂರು ವಾರ ಅತ್ತೆ ಬೆಳಗ್ಗೆ ಸಂಜೆ ಶುಂಠಿ ತೇದು ನನ್ನ ಹಣೆಗೆ ಹಚ್ಚಿದರು. ಉರಿಗೆ ಕಣ್ಣಲ್ಲಿ ನೀರು ಬಂದರೆ, "ನೋಡು, ಎಷ್ಟು ನೋವು ತಡಕಂಡಿದ್ದಾಳೆ, ಒಂದಿನ ಬಾಯಿಬಿಟ್ಟು ಹೇಳ್ಲಿಲ್ಲ" ಎಂದು ಓರಗಿತ್ತಿಗೆ ನನ್ನನ್ನು ಮಾದರಿಯಾಗಿ ತೋರಿಸಿದರು. ಓರಗಿತ್ತಿಗೆ ಅದರಿಂದ ನನ್ನ ಮೇಲೆ ಪ್ರೀತಿಯೇನೂ ಹೆಚ್ಚಲಿಲ್ಲ.

ಇಷ್ಟಾದರೂ ಸಹಿಸುತ್ತಿದ್ದೆ. ಆದರೆ ನಮ್ಮ ಯಜಮಾನರು ವೀರಭದ್ರನೇ ಮನೆದೇವರಾದ ಮನೆತನದಲ್ಲಿ ಹುಟ್ಟಿಯೂ ಒಂದು ವಿಷಯ ಮರೆತಿದ್ದರು. ಪ್ರವಾಸವಾದರೆ ಇಬ್ಬರದ್ದು, ಹರಕೆ ಹಾಗಲ್ಲ. ವೀರಭದ್ರನ ಹರಕೆಯೆಂದರೆ ಗುಗ್ಗಳ. ಮಣ್ಣಿನ ಕೊಡದಲ್ಲಿ ಬೆಂಕಿ ಉರಿಸಿ, ಲೋಬಾನ ಹಾಕಿ, ಹೊತ್ತು ನಡೆಯಬೇಕು. ಅದಕ್ಕೆ ಹಿಂದೆ ಮುಂದೆ ಮನೆಮಂದಿ ಇರಬೇಕು, ಹೋಳಿಗೆ ಆಗಬೇಕು, ಬಂದವರು ಉಣ್ಣಬೇಕು. "ಸೊಸೆ ತಲೆಗೆ ಬಂದಿದ್ದು ಮನೆತನಕ್ಕೇ ಬಂದಂಗೆ. ಯಾರನ್ನೂ ಬಿಡಂಗಿಲ್ಲ" ಎಂದು ಮಾವ ಮೈಸೂರಿಗೆ, ಶಿವಮೊಗ್ಗಕ್ಕೆ ಕಾಗದ ಹಾಕಿಸಿದರು. ಯಾವ ನೆಂಟರಿಂದ ತಪ್ಪಿಸಿಕೊಳ್ಳಲು ನಾವು ಭೂಪಟ ಹುಡುಕಿದ್ದೆವೋ ಅವರೆಲ್ಲ ಹಾಸಿಗೆ ಸುತ್ತಿಕೊಂಡು ಅಜ್ಜಂಪುರಕ್ಕೆ ಬಂದಿಳಿದರು. ಈಗ ನಿಜ ಹೇಳಿಬಿಡಿ ಎಂದು ಇವರಿಗೆ ಎರಡು ಸಲ ಕಣ್ಣಲ್ಲೇ ಹೇಳಿದೆ. ಇವರಿಗೆ ನನ್ನ ಕಣ್ಣು ಓದಲು ಬರುತ್ತಿರಲಿಲ್ಲ, ಬರುತ್ತಿದ್ದರೆ ಪ್ರವಾಸವೇ ಬೇಕಿರಲಿಲ್ಲ.

ಭಾವನ ಗೆಳೆಯರೊಬ್ಬರ ಮಟಾಡೋರ್ ವ್ಯಾನು ಬಾಡಿಗೆಗೆ ಗೊತ್ತಾಯಿತು. ಹಿಂದಿನ ದಿನದವರೆಗೆ ಈರುಳ್ಳಿ ಹೊತ್ತ ವಾಹನ. ಹತ್ತೊಂಬತ್ತು ಜನ, ಅದರಲ್ಲಿ ನಾನು ಬಿಟ್ಟು ಹೋಗಬೇಕೆಂದಿದ್ದ ಮೂರು ಮಕ್ಕಳೂ ಸೇರಿ. ಕಿರಿಯದು ನನ್ನ ತೊಡೆಯ ಮೇಲೆ ಎರಡು ಸಲ ವಾಂತಿ ಮಾಡಿಕೊಂಡಿತು. ಇವರು ಮುಂದಿನ ಸೀಟಿನಲ್ಲಿ ಗಂಡಸರ ಜೊತೆ. ಕಲ್ಲತ್ತಿಗಿರಿಯಲ್ಲಿ ನಾನು, ಯಾವ ನೋವೂ ಇಲ್ಲದ ತಲೆಯ ಮೇಲೆ, ಉರಿಯುವ ಕೊಡ ಹೊತ್ತು ಸುತ್ತಿದೆ. ಬಂಡೆಯ ಮೇಲಿಂದ ಬೇಸಿಗೆಯ ಸಣ್ಣ ನೀರು ಹನಿಯುತ್ತಿತ್ತು. ಸ್ವಾಮೀ, ಸುಳ್ಳು ಹೇಳಿದ್ದು ಅವರು, ಹೊರುತ್ತಿರುವುದು ನಾನು, ನೀನೇ ನೋಡಿಕೋ ಎಂದು ಬೇಡಿಕೊಂಡೆ. ಆಮೇಲೆ ಮೂರು ಕಲ್ಲು ಹೂಡಿ ಅಡುಗೆ. ಬೇರೆ ಊರು, ಅದೇ ಒಲೆ.

ಆದರೂ ನನ್ನ ಆಸೆ ಸತ್ತಿರಲಿಲ್ಲ. ಇವರ ಜೇಬಿನಲ್ಲಿ ಚೀಟಿ ಇತ್ತಲ್ಲ. ಮೇಲೆ ಹೋಗಿ ಎಲ್ಲರೂ ಹೂದೋಟ ನೋಡಿ, ಸಂಜೆ ಇಳಿದು ಹೋಗುತ್ತಾರೆ, ನಾವಿಬ್ಬರು ಉಳಿಯುತ್ತೇವೆ. ಒಂದು ಸಂಜೆ, ಒಂದು ಬೆಳಗ್ಗೆ. ಅಷ್ಟು ಸಾಕಾಗಿತ್ತು. ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ.

ಕೆಮ್ಮಣ್ಣುಗುಂಡಿಯಲ್ಲಿ ಮಟಾಡೋರಿನಿಂದ ಇಳಿಯುತ್ತಿದ್ದ ಜನವನ್ನು ನೋಡಿ ಕಾವಲುಗಾರ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಇಬ್ಬರಿಗೆ ಮಾತ್ರ ಸ್ವಾಮಿ" ಎಂದ. ಅವನಿಗೆ ಕೈ ಮುಗಿಯಬೇಕೆಂದು ನನಗೆ ಅನಿಸಿತು. ಜನ ಹೂ ನೋಡಿದರು. "ಇಷ್ಟೇ ಹೂವಾ?" ಎಂದಳು ನಾದಿನಿ. ಮಾವ ಮಣ್ಣು ಹಿಡಿದು ನೋಡಿ ಇದರಲ್ಲಿ ಈರುಳ್ಳಿ ಬರಲ್ಲ ಎಂದು ತೀರ್ಪು ಕೊಟ್ಟರು. ಬಿಸಿಲು ಇಳಿಯಿತು. ಕತ್ತಲಾದರೆ ತಿರುವುಗಳಲ್ಲಿ ಗಾಡಿ ಇಳಿಸಲ್ಲ ಎಂದು ಡ್ರೈವರ್ ಹಾರನ್ ಹೊಡೆಯತೊಡಗಿದ.

ಆಗ ಮಾವ ಕಲ್ಲಿನ ಮೇಲೆ ಕೂತು ಮೊಣಕಾಲು ಒತ್ತಿಕೊಂಡರು. ಹತ್ತಿ ಇಳಿದು ಊದಿಕೊಂಡಿತ್ತು. ಭಾವ ನೋಡಿದರು, ಒಂದು ಕ್ಷಣವೂ ತಡೆಯಲಿಲ್ಲ. "ಅಪ್ಪ ಅವ್ವ ಇಲ್ಲೇ ಇರ್ಲಿ. ರೂಮೈತಲ್ಲ, ನಾಳೆ ಬಸ್ಸಿಗೆ ಬತ್ತಾರೆ. ನೀವು ಇನ್ನೂ ಹುಡುಗ್ರು, ಇನ್ನೊಂದ್ಸಲ ಬರ್ಬೋದು. ಏನಪ್ಪಾ?"

ನಾನು ಇವರ ಮುಖ ನೋಡಿದೆ. ಹದಿನೆಂಟು ಜನರ ನಡುವೆ ಅದೊಂದೇ ಮುಖ ನೋಡಿದೆ.

"ಹ್ಞೂ, ಅದೇ ಸರಿ" ಎಂದರು ಇವರು. ಚೀಟಿ ತೆಗೆದು ಅವರಪ್ಪನ ಕೈಗೆ ಕೊಟ್ಟರು.

ಇಳಿಯುವಾಗ ದಾರಿಯುದ್ದಕ್ಕೂ ನಾನು ಸೆರಗು ಮುಖಕ್ಕೆ ಹಾಕಿಕೊಂಡು ಅಳುತ್ತಿದ್ದೆ. ತಲೆನೋವು ಮತ್ತೆ ಬಂತು ಅಂತ ಯಾರೋ ಅಂದರು. ಯಾರ ಮೇಲೆ ಸಿಟ್ಟು ಎಂದು ಕೇಳಿದರೆ, ಎಲ್ಲರ ಮೇಲೂ. ಹೆಚ್ಚಾಗಿ ಮೇಲೆ ರೂಮಿನಲ್ಲಿ ಉಳಿದ ಆ ಮುದುಕಿಯ ಮೇಲೆ. ನಾನು ಕಾದ ಸಂಜೆಯನ್ನು ಆಕೆ ಕೇಳದೆಯೇ ಪಡೆದುಕೊಂಡಿದ್ದರು.

ಮಾರನೆಯ ದಿನ ಮಧ್ಯಾಹ್ನ ಅತ್ತೆ ಮಾವ ಬಂದರು. ನಾನು ಮಾತಾಡಿಸಲಿಲ್ಲ. ಸಂಜೆ ಅಡುಗೆಮನೆಯಲ್ಲಿ ಕಡಲೆಕಾಯಿ ಸುಲಿಯುತ್ತ ಕೂತಿದ್ದಾಗ ಅತ್ತೆ ಪಕ್ಕಕ್ಕೆ ಬಂದು ಕೂತರು. ಬಾಗಿಲ ಕಡೆ ನೋಡಿ, ಸಣ್ಣ ದನಿಯಲ್ಲಿ ಹೇಳಿದರು. "ನಿನ್ನೆ ನಿಮ್ಮ ಮಾವ ನನ್ನ ಕೇಳಿದ್ರು ಕಣೇ, ಚಳಿ ಆಗ್ತೈತಾ ಅಂತ."

ನಾನು ತಲೆ ಎತ್ತಿದೆ.

"ಮದ್ವೆ ಆಗಿ ನಲ್ವತ್ತು ವರ್ಷ ಆತು. ಹಸಿವಾ, ನೋವಾ, ಚಳಿಯಾ, ಒಂದಿನ ಕೇಳಿದ್ದಿಲ್ಲ. ಕೆಟ್ಟೋರಲ್ಲ, ಕೇಳೋದು ಗೊತ್ತಿರ್ಲಿಲ್ಲ. ಅಲ್ಲಿ ಬೇರೆ ಯಾರೂ ಇರ್ಲಿಲ್ವಲ್ಲ, ಕೇಳ್ಬಿಟ್ರು."

"ನೀವೇನಂದ್ರಿ ಅತ್ತೆ?"

"ಇಲ್ಲ ಅಂದೆ." ಒಂದು ಕಾಯಿ ಸುಲಿದು ಸಿಪ್ಪೆಯನ್ನು ಕಾಳಿನ ಬುಟ್ಟಿಗೇ ಹಾಕಿದರು. "ನಡುಗ್ತಾ ಇದ್ದೆ ಕಣೇ. ಆದ್ರೂ ಇಲ್ಲ ಅಂದ್ಬಿಟ್ಟೆ. ಅಭ್ಯಾಸ. ಹೂಂ ಅಂದಿದ್ರೆ ಏನು ಮಾಡ್ತಿದ್ರೋ ಅಂತ ಬಸ್ಸಲ್ಲೆಲ್ಲ ಅದೇ ಯೋಚ್ನೆ."

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವರನ್ನು ನೋಡಿ ಅಯ್ಯೋ ಎನಿಸಿತು, ಅದಕ್ಕಿಂತ ಹೆಚ್ಚಾಗಿ ನನಗೆ ಭಯವಾಯಿತು. ನಲವತ್ತಕ್ಕೆ ಇನ್ನು ಇಪ್ಪತ್ತೊಂಬತ್ತು ವರ್ಷ ಬಾಕಿಯಿದ್ದವು, ಅವು ಕಳೆದ ಹನ್ನೊಂದರ ಹಾಗೆಯೇ ಹೋಗಿಬಿಡುವಂಥವು.

ಇವರು ಬಂದು ಪಡಸಾಲೆಯಲ್ಲಿ ಕೂತಿದ್ದರು. ಮಾವ, ಭಾವ, ಇನ್ನೂ ಹೊರಡದ ನೆಂಟರು, ಎಲ್ಲ ಇದ್ದರು. ಕಾಫಿ ಲೋಟ ಕೊಟ್ಟವಳು ಒಳಗೆ ಹೋಗದೆ ಅಲ್ಲೇ ನಿಂತೆ. "ರೀ, ಭಾನುವಾರ ನಾವಿಬ್ರೇ ಬೀರೂರಿಗೆ ಹೋಗಿ ಬರಾಣ" ಎಂದೆ.

ಇವರು ಲೋಟ ಕೆಳಗಿಟ್ಟರು. ಭಾವ ಕೇಳಿದರು. "ಬೀರೂರಲ್ಲಿ ಏನೈತವ್ವ ನೋಡಾಕೆ? ಹೊಗೆ."

"ಏನೂ ಇಲ್ಲ ಭಾವ."

"ಹರಕೆನಾ?" ಎಂದರು ಮಾವ.

"ಅಲ್ಲ ಮಾವ. ಸುಮ್ಮನೆ."

ಒಳಗಿನಿಂದ ಅತ್ತೆಯ ದನಿ ಬಂತು. "ಹೋಗ್ಲಿ ಬಿಡ್ರೀ. ಮಕ್ಕಳ್ನ ನಾನು ನೋಡ್ಕಂತೀನಿ." ಆ ಮನೆಯಲ್ಲಿ ಅತ್ತೆ ಪಡಸಾಲೆಗೆ ಕೇಳುವ ಹಾಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಾವ ಅಡಿಕೆ ಕತ್ತರಿ ಕೈಗೆತ್ತಿಕೊಂಡರು.

ಹಾಗೆ ನಮ್ಮ ಬೇಸಿಗೆಯ ಪ್ರವಾಸಕ್ಕೆ ಕೊನೆಗೂ ಸ್ಥಳ ಆಯ್ಕೆಯಾಯಿತು. ಬೀರೂರು ಜಂಕ್ಷನ್, ಎರಡನೆಯ ಪ್ಲಾಟ್‌ಫಾರ್ಮು, ನೀರಿನ ನಲ್ಲಿಯ ಪಕ್ಕದ ಬೆಂಚು. ಎದುರಿಗೆ ಕಲ್ಲಿದ್ದಲ ಗುಡ್ಡ, ಕರಿಹೊಗೆ, ರಣಬಿಸಿಲು. ಇವರು ಎರಡು ಲೋಟ ಟೀ ತಂದರು. ಒಂದು ಗಂಟೆ ಇಬ್ಬರೂ ಮಾತಾಡಲಿಲ್ಲ, ಅಭ್ಯಾಸವಿರಲಿಲ್ಲವಲ್ಲ. ಬೆಟ್ಟದ ಮೇಲೆ ಹೇಳಲು ಜೋಡಿಸಿಟ್ಟುಕೊಂಡಿದ್ದ ಚೆಂದದ ಮಾತುಗಳು ಒಂದೂ ನೆನಪಾಗಲಿಲ್ಲ. ಕೊನೆಗೆ ಬಂದದ್ದನ್ನೇ ಹೇಳಿದೆ. "ಅವತ್ತು ನೀವು ಅದೇ ಸರಿ ಅಂದ್ರಲ್ಲ, ನಂಗೆ ಭಾಳ ನೋವಾಯ್ತು."

ಇವರು ಹಳಿಗಳನ್ನೇ ನೋಡುತ್ತಿದ್ದರು.

"ನಂಗೂ ಉಳೀಬೇಕು ಅಂತಿತ್ತು ಕಣೇ" ಎಂದರು. "ಹೆಂಡ್ತಿ ಜೊತೆ ಇರ್ತೀನಿ ಅಂತ ಅಣ್ಣನ ಎದುರು ಹೆಂಗೆ ಹೇಳ್ಲಿ? ನಾಚ್ಕೆ ಆತು."

ಮೂವತ್ತೇಳು ವರ್ಷದ ಗಂಡಸು, ಮೂರು ಮಕ್ಕಳ ತಂದೆ. ಅವರಿಗೆ ಬೇಕು ಎಂದು ಏನಾದರೂ ಇದೆ ಎಂಬುದು, ಆ ಬೇಕು ಎನ್ನುವುದರಲ್ಲಿ ನಾನೂ ಇದ್ದೇನೆ ಎಂಬುದು ಹನ್ನೊಂದು ವರ್ಷದಲ್ಲಿ ನನಗೆ ಗೊತ್ತಾಗಿದ್ದು ಆಗ. ಸಂತೋಷವಾಯಿತು. ಹೊಡೆಯಬೇಕು ಎಂದೂ ಅನ್ನಿಸಿತು.

ಅಜ್ಜಂಪುರದ ಗಾಡಿ ಬಂದು ನಿಂತಿತು. ನಾನು ಚೀಲ ತೆಗೆದುಕೊಂಡು ಎದ್ದೆ. ಇವರು ಏಳಲಿಲ್ಲ. "ಕೂತ್ಕ" ಎಂದರು. "ಸಂಜೆ ಗಾಡಿಗೆ ಹೋಗಾಣ."