ರಟ್ಟಿನ ಮೇಲಿನ ಟೇಪು

ಘಣಸೋಲಿಯಲ್ಲಿ ನಮ್ಮ ಕಟ್ಟಡದ ಕೆಳಗೊಂದು ರದ್ದಿ ಅಂಗಡಿಯಿದೆ. ನಡೆಸುವವರು ಉಡುಪಿ ಕಡೆಯ ಹೆಂಗಸು. ಗಂಡ ತೀರಿಕೊಂಡ ಮೇಲೆ ಅದೇ ಅವರ ಹೊಟ್ಟೆಪಾಡು. ಹಳೇ ಪೇಪರು, ಪಕ್ಕದ ಐರೋಲಿಯ ಆಫೀಸುಗಳಿಂದ ಬರುವ ರಟ್ಟಿನ ಪೆಟ್ಟಿಗೆ, ಇಷ್ಟೇ ವ್ಯಾಪಾರ. ಲೈಸೆನ್ಸ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬರೀ ಕಾಗದ, ರಟ್ಟು ಕೊಂಡು ಮಾರುವ ಸಣ್ಣ ಅಂಗಡಿಗೆ ವಿನಾಯಿತಿ ಉಂಟೆಂದು ನಿಯಮವೇ ಹೇಳುತ್ತದೆ. ಆ ನಿಯಮವನ್ನು ಓದಿದ ಮಹಾನುಭಾವ ಇಡೀ ಕಟ್ಟಡದಲ್ಲಿ ನಾನೊಬ್ಬನೇ. ಆಯುಷ್ಯವಿಡೀ ಗುಮಾಸ್ತಿಕೆ ಮಾಡಿದವನಿಗೆ ಕೈಯಲ್ಲಿ ಪತ್ರವಿಲ್ಲದ ವಿನಾಯಿತಿ ಜೀರ್ಣವಾಗುವುದಿಲ್ಲ.

“ಅದೆಲ್ಲ ಎಂತಕ್ಕೆ ಅಣ್ಣ? ಇಷ್ಟು ವರ್ಷ ಯಾರೂ ಕೇಳ್ಲಿಲ್ಲ,” ಎಂದರು ಆಕೆ.

“ನಾಳೆ ಕೇಳಿದ್ರೆ ತೋರಿಸ್ಲಿಕ್ಕೆ ಒಂದು ಪತ್ರ ಬೇಡವಾ ತಂಗಿ?”

“ಕೇಳುವವರನ್ನು ನೀವೇ ಕರ್ಕೊಂಡು ಬರ್ಬೇಡಿ ಮಾರಾಯ್ರೆ.”

ಕರೆದುಕೊಂಡೇ ಬಂದೆ. ಇವರಿಗೆ ವಿನಾಯಿತಿಯಿದೆಯೆಂದು ಲಿಖಿತವಾಗಿ ದೃಢಪಡಿಸಬೇಕೆಂದು ನಗರಪಾಲಿಕೆಯ ಕಚೇರಿಗೆ ಮೂರು ಪುಟಗಳ ಅರ್ಜಿ ಕೊಟ್ಟೆ. ಕಚೇರಿಯವರು ಅಂಥ ಅರ್ಜಿಯನ್ನು ಜನ್ಮದಲ್ಲಿ ಕಂಡಿರಲಿಲ್ಲ. ಯಾರೂ ಕೇಳದ್ದನ್ನು ಕೇಳುವವನಲ್ಲಿ ಏನೋ ಹುಳುಕಿರಬೇಕೆಂದು ಇನ್‌ಸ್ಪೆಕ್ಟರನ್ನು ಕಳಿಸಿದರು. ಅವರು ಒಂದು ಪೆಟ್ಟಿಗೆಯನ್ನು ಎತ್ತಿ, ಅದರ ಮೇಲಿನ ಟೇಪನ್ನು ಉಗುರಿನಿಂದ ಕೆರೆದು, ಬೆಳಕಿಗೆ ಹಿಡಿದು ನೋಡಿದರು.

“ಕಾಕಾ, ಯೇ ತೋ ಪ್ಲಾಸ್ಟಿಕ್ ಹೈ.”

ಪ್ಲಾಸ್ಟಿಕ್ ಇದ್ದಲ್ಲಿ ವಿನಾಯಿತಿಯಿಲ್ಲ, ಪೂರ್ತಿ ಲೈಸೆನ್ಸ್ ಬೇಕು. ಲೈಸೆನ್ಸಿಗೆ ಅಂಗಡಿಗೆ ಎರಡು ಬಾಗಿಲು ಬೇಕು. ಆಕೆಯ ಅಂಗಡಿಗೆ ಇರುವುದು ಮೂರು ಗೋಡೆ, ಒಂದು ಶಟರು. ಹಿಂದಿನ ಗೋಡೆ ಒಡೆದರೆ ನೇರ ಪಕ್ಕದವರ ಅಡುಗೆಮನೆ. ಟೇಪೆಲ್ಲ ತೆಗೆಯಿರಿ, ಇಲ್ಲವೇ ಲೈಸೆನ್ಸ್ ಮಾಡಿಸಿ ಎಂದು ಒಂದು ತಿಂಗಳ ಗಡುವು. ತಪ್ಪಿದರೆ ಶಟರಿಗೆ ಬೀಗ.

ನನಗೆ ಮೈಯೆಲ್ಲ ಉರಿಯಿತು. ಟೇಪಿಲ್ಲದೆ ಹುಟ್ಟಿದ ರಟ್ಟಿನ ಪೆಟ್ಟಿಗೆಯನ್ನು ಈ ಭೂಮಂಡಲದಲ್ಲಿ ಯಾರಾದರೂ ಕಂಡಿದ್ದಾರೆಯೇ? ಮಾರುದ್ದ ಟೇಪು ಸುತ್ತಿ ಕಳಿಸುವ ದೊಡ್ಡ ಕಂಪನಿಯನ್ನು ಕೇಳುವವರಿಲ್ಲ. ಅದನ್ನು ಮಡಿಸಿ ಕಟ್ಟಿಡುವ ವಿಧವೆ ಅಪರಾಧಿ!

ಮರುದಿನದಿಂದ ಬೆಳಗಿನ ಕಾಫಿಯಾದ ಕೂಡಲೇ ಕೆಳಗಿಳಿದು ಟೇಪು ಕೀಳಲು ಕೂತೆ. ಬೇಗ ಬಿಡಲೆಂದು ಒದ್ದೆ ಬಟ್ಟೆ ಒತ್ತಿದೆ.

“ಅಯ್ಯೋ, ನೀರು ಮುಟ್ಟಿಸ್ಬೇಡಿ! ತೂಕ ಹೆಚ್ಚಲಿಕ್ಕೆ ನೀರು ಹಾಕಿದ್ದು ಅಂತ ರಟ್ಟು ಕೊಳ್ಳುವ ಮಿಲ್ಲಿನವರು ಇಡೀ ಲೋಡ್ ವಾಪಸ್ ಕಳಿಸ್ತಾರೆ. ಒಂದು ಬಾಗಿಲು ಮುಚ್ಚಿಸ್ಲಿಕ್ಕೆ ಹೊರಟದ್ದು ಸಾಕಾಗ್ಲಿಲ್ವಾ ನಿಮ್ಗೆ?”

ಆಕೆ ಹೇಳಿದ್ದು ಸರಿ. ತೆಪ್ಪಗೆ ಬ್ಲೇಡು ಹಿಡಿದೆ.

ಗಡುವಿನ ದಿನ ಇನ್‌ಸ್ಪೆಕ್ಟರು ಬಂದರು. ಪೆಟ್ಟಿಗೆಗಳೆಲ್ಲ ಮದುವಣಗಿತ್ತಿಯರಂತೆ ಸ್ವಚ್ಛ. ಮೂಲೆಯಲ್ಲಿ ಒಂದು ಗೋಣಿಚೀಲ ತುಂಬ ಟೇಪು.

“ಯೇ ಕ್ಯಾ ಹೈ?”

“ನೀವೇ ತೆಗೆಯಿರಿ ಅಂದ ಟೇಪು,” ಎಂದು ನನ್ನ ಹಿಂದಿಯಲ್ಲಿ ಗುಡುಗಿದೆ.

“ಮತ್ಲಬ್, ಪ್ಲಾಸ್ಟಿಕ್ ಜಮಾ ಕರ್ತೇ ಹೋ.”

ಕಿತ್ತಿಟ್ಟದ್ದೇ ಈಗ ಪ್ಲಾಸ್ಟಿಕ್ ಸಂಗ್ರಹವಾಯಿತು! ಮೇಲಧಿಕಾರಿಗೆ ಬರೆದೇಬಿಡುತ್ತೇನೆಂದು ಪೆನ್ನು ತೆಗೆದೆ. ಆಕೆ ನನ್ನ ಕೈಯನ್ನೇ ಹಿಡಿದರು. “ಅಣ್ಣ, ಆ ಪೆನ್ನು ಒಳಗಿಡಿ.” ಆಮೇಲೆ ಇನ್‌ಸ್ಪೆಕ್ಟರ ಕಡೆ ತಿರುಗಿ, “ಸಾಬ್, ವೋ ಬೋರಾ ದುಕಾನ್ ಕಾ ನಹೀಂ. ಕಾಕಾ ಕಾ ಹೈ. ಘರ್ ಲೇ ಜಾತೇ ಹೈಂ,” ಎಂದರು. ಆ ಚೀಲ ಅಂಗಡಿಯದ್ದಲ್ಲ, ನನ್ನದಂತೆ, ನಾನು ಮನೆಗೆ ಒಯ್ಯುತ್ತೇನಂತೆ!

ಇನ್‌ಸ್ಪೆಕ್ಟರು ನನ್ನ ಮುಖ ನೋಡಿದರು. ಸರಕಾರಿ ಮನುಷ್ಯನೆದುರು ಈ ವಯಸ್ಸಿನವರೆಗೆ ಸುಳ್ಳಾಡಿದವನಲ್ಲ ನಾನು.

“ಹಾಂ. ಮೇರಾ ಹೈ,” ಎಂದೆ. ಚೀಲ ಹೊತ್ತು ಮೂರು ಮಹಡಿ ಹತ್ತಿದೆ. ಮಾತು ಸುಳ್ಳಾಗಬಾರದೆಂದು ಇಂದಿಗೂ ವಾರಕ್ಕೊಮ್ಮೆ ಹತ್ತುತ್ತಿದ್ದೇನೆ.

ಕೊನೆಗೆ ಪತ್ರ ಬಂತು, ಮೊಹರು, ಸಹಿ ಸಮೇತ. ವಿನಾಯಿತಿ ಒಂದು ವರ್ಷಕ್ಕೆ ಮಾತ್ರ. ಆಮೇಲೆ ಹೊಸ ಅರ್ಜಿ, ಹೊಸ ತಪಾಸಣೆ. ನಾನು ಕೇಳುವ ಮೊದಲು ವಿನಾಯಿತಿಗೆ ಅವಧಿಯೇ ಇರಲಿಲ್ಲ. ಸುತ್ತಲಿನ ಮಿಕ್ಕ ರದ್ದಿ ಅಂಗಡಿಗಳಿಗೆ ಈಗಲೂ ಅವಧಿಯಿಲ್ಲ.

ಓದಿ ಹೇಳಿದೆ. ಆಕೆ ತಕ್ಕಡಿಯಿಂದ ತಲೆಯೆತ್ತಲಿಲ್ಲ.

“ಬರುವ ವರ್ಷ ಆ ತಿಂಗಳು ನೀವು ಊರಿಗೆ ಹೋಗಿ ಬನ್ನಿ ಅಣ್ಣ. ಟಿಕೆಟ್ ನಾನೇ ಮಾಡಿಸ್ತೇನೆ.”