ವ್ಯಾನಿನಿಂದ ಇಳಿಯುವ ಬಗೆ

ಹಗಲೆಲ್ಲ ಪರರ ಸರಕನ್ನು ಹೊತ್ತರೂ ಒಂದು ಗಂಟಿನ ದಾರವನ್ನು ಸಡಿಲಿಸಿ ಒಳಗೇನಿದೆಯೆಂದು ಇಣುಕದವನು. ಭಾರವನ್ನೆತ್ತುವ ಮುನ್ನ ಅಂಗೈಯಿಂದ ಮೆಲ್ಲನೆ ಅಲುಗಿಸಿ ಅದರ ತೂಕವನ್ನು ಅರಿಯುವವನು. ಸೊಂಟವನ್ನು ತಿರುಚದೆ, ಮಂಡಿ ಮಡಿಸಿ ಕುಳಿತು, ಪೆಟ್ಟಿಗೆಯನ್ನು ಎದೆಗವಚಿಕೊಂಡು ಏಳುವವನು. ಹಸಿದ ಹೊಟ್ಟೆಯಲ್ಲಿ ಭಾರವನ್ನು ಮುಟ್ಟದವನು. ಒಬ್ಬನಿಂದಾಗದ ಕೆಲಸಕ್ಕೆ ಇನ್ನೊಬ್ಬನನ್ನು ಕೂಗಿ ಕರೆಯಲು ನಾಚದವನು. ಯಾರ ಅಂಗಡಿಗಾಗಲಿ ಎಡಗಾಲನ್ನು ಮುಂದಿಟ್ಟು ಪ್ರವೇಶಿಸದವನು. ಚಾಮರಾಜನಗರವು ಇನ್ನೂ ಮೈಸೂರು ಜಿಲ್ಲೆಯ ಒಂದು ತಾಲ್ಲೂಕಾಗಿದ್ದ ಕಾಲದಲ್ಲಿ ಇಂತಹ ಒಬ್ಬನು ಮಹದೇವಯ್ಯನವರ ಪಾರ್ಸೆಲ್ ಆಫೀಸಿನ ವ್ಯಾನನ್ನು ಓಡಿಸುತ್ತಿದ್ದನು. ಹೆಸರು ಪುಟ್ಟಮಲ್ಲಪ್ಪ, ಊರು ಚಂದಕವಾಡಿ. ಮನೆಯಲ್ಲಿ ಹೆಂಡತಿ ಮಲ್ಲಾಜಮ್ಮ, ಹೈಸ್ಕೂಲಿಗೆ ಹೋಗುವ ಮಗಳು ಶಿವರಂಜಿನಿ.

ಮೈಸೂರಿನ ಲಾರಿ ಬೆಳಗಿನ ಜಾವಕ್ಕೆ ತಂದಿಳಿಸಿದ ಬಟ್ಟೆಯ ಗಂಟು, ಔಷಧದ ಡಬ್ಬ, ನೋಟುಪುಸ್ತಕದ ಕಟ್ಟು, ಪಂಪುಸೆಟ್ಟಿನ ಬಿಡಿಭಾಗಗಳನ್ನು ತುಂಬಿಕೊಂಡು, ತೆರಕಣಾಂಬಿಯ ಮಾರ್ಗವಾಗಿ ಗುಂಡ್ಲುಪೇಟೆಯವರೆಗೆ ಅಂಗಡಿ ಅಂಗಡಿಗೂ ಮುಟ್ಟಿಸಿ ಬರುವುದು ಅವನ ಕಾಯಕ. ದಿನಕ್ಕೆ ನಲವತ್ತು ಕಡೆ ನಿಲುಗಡೆ. ಹಿಂದೊಮ್ಮೆ ಅದೇ ಆಫೀಸಿನ ಹಮಾಲಿ ಮಾರಯ್ಯನು ನಿಂತಲ್ಲಿಂದಲೇ ಸೊಂಟ ತಿರುಗಿಸಿ ಮೂಟೆಯೊಂದನ್ನು ಎಳೆದು, ಅಂದು ಬಾಗಿದ ಬೆನ್ನನ್ನು ಮತ್ತೆ ನೆಟ್ಟಗೆ ಮಾಡಲಾರದೆ ಹೋದುದನ್ನು ಪುಟ್ಟಮಲ್ಲಪ್ಪನು ಕಣ್ಣಾರೆ ಕಂಡಿದ್ದನು. ಅಂದಿನಿಂದ ಎತ್ತುವುದರಲ್ಲಿ ಅವನಿಗೊಂದು ವ್ರತನಿಷ್ಠೆ ಬಂದಿತ್ತು. ಹದಿನಾಲ್ಕು ವರ್ಷಗಳಲ್ಲಿ ಅವನ ಬೆನ್ನು ಒಂದು ದಿನವೂ ದೂರಲಿಲ್ಲ.

ದೂರಿದ್ದು ಬಲಮಂಡಿ. ಮೊದಲು ಬೆಳಗಿನ ಹೊತ್ತು ತುಸು ಬಿಗಿತ. ಬಳಿಕ ಮೆಟ್ಟಿಲೇರುವಾಗ ಮುಳ್ಳು ಆಡಿದಂತಹ ನೋವು. ವಯಸ್ಸಿನ ಮೇಲೆ ಹೊರಿಸಿದನು, ಚಳಿಯ ಮೇಲೆ ಹೊರಿಸಿದನು. ಹರಳೆಣ್ಣೆ ಕಾಯಿಸಿ ತಿಕ್ಕಿಕೊಂಡನು. ಎತ್ತುವ ಕ್ರಮದಲ್ಲಿ ಎಲ್ಲಿ ತಪ್ಪಿದೆನೆಂದು ದಿನವೂ ತನ್ನನ್ನು ತಾನೇ ಪರೀಕ್ಷಿಸಿಕೊಂಡರೂ ತಪ್ಪು ದೊರೆಯಲಿಲ್ಲ. ಮನುಷ್ಯನು ದುಡಿಮೆಯೆಂದು ಎಣಿಸಿದ್ದರಲ್ಲಿ ಎಚ್ಚರವಾಗಿರುತ್ತಾನೆ. ದುಡಿಮೆಯೆಂದೇ ಎಣಿಸದ ಚಿಕ್ಕ ಚಲನೆಯೊಂದು ನಡುವೆ ನುಸುಳಿ, ಗಂಧದ ಕೊರಡಿನಂತೆ ಅವನನ್ನು ತೇಯುತ್ತಿರುತ್ತದೆ.

ಒಂದು ಗುರುವಾರ ಗುಂಡ್ಲುಪೇಟೆಯಲ್ಲಿ, ಅಬ್ದುಲ್ ರಹೀಂ ಸಾಹೇಬರ ಚಪ್ಪಲಿ ಅಂಗಡಿಯ ಮುಂದೆ ವ್ಯಾನು ನಿಲ್ಲಿಸಿ ಎಂದಿನಂತೆ ಕೆಳಕ್ಕೆ ನೆಗೆದವನ ಮಂಡಿ ತಟ್ಟನೆ ಮಡಿಚಿಕೊಂಡಿತು. ಅವನು ನೆಲಕ್ಕೆ ಬಿದ್ದನು. ರಹೀಂ ಸಾಹೇಬರು ಗಲ್ಲಾಪೆಟ್ಟಿಗೆ ಬಿಟ್ಟು ಓಡಿಬಂದು, ಎಬ್ಬಿಸಿ ಒಳಗೆ ಕೂರಿಸಿ, ನೀರು ಕೊಟ್ಟರು. ಚಪ್ಪಲಿಯ ಪಟ್ಟಿ ಹರಿದಿತ್ತು. ಹೊಲಿಸೋಣವೆಂದು ಎರಡನ್ನೂ ಕೈಗೆತ್ತಿಕೊಂಡವರು ಅವನ್ನು ಹಾಗೆಯೇ ಹಿಡಿದು ನೋಡುತ್ತ ನಿಂತರು.

"ಪುಟ್ಟಮಲ್ಲಣ್ಣ, ಈ ಜೋಡು ನಾನೇ ಕೊಟ್ಟಿದ್ದಲ್ವಾ, ಯುಗಾದಿಗೆ?"

"ಊಂ ಕಣಿ ಸಾಬ್ರೇ. ನಿಮ್ ಮಾಲು ಗಟ್ಟಿ ಇಲ್ಲ ಬುಡಿ."

"ಮಾಲಿಗ್ಯಾಕಣ್ಣ ಬಯ್ತೀಯ? ನೋಡಿಲ್ಲಿ. ಎಡಗಡೇದು ಮದುವೆ ಗಂಡು ಇದ್ದಂಗದೆ. ಬಲಗಡೇದು ಮೂರು ಹೆಣ್ಮಕ್ಕಳ ಮದುವೆ ಮಾಡಿ ಮುಗಿಸಿದ ಅಪ್ಪನ ತರ ಸೊರಗಿಹೋಗಿದೆ. ಇಬ್ರೂ ಅಣ್ಣತಮ್ಮಂದಿರು, ಒಂದೇ ತೊಗಲು. ನೀನು ಒಬ್ಬನ ಹತ್ರಾನೇ ಜೀತ ಮಾಡಿಸಿದ್ದೀಯ."

ಪುಟ್ಟಮಲ್ಲಪ್ಪನು ಚಪ್ಪಲಿಗಳನ್ನು ನೋಡಿದನು. ಬಲದ ಹಿಮ್ಮಡಿ ಕಾಗದದಷ್ಟು ತೆಳುವಾಗಿತ್ತು.

"ಇಲ್ಲೇ ಕೂತು ಎಂಟು ವರ್ಷದಿಂದ ನೋಡ್ತಿದ್ದೀನಿ," ಎಂದರು ಸಾಹೇಬರು. "ಎತ್ತೋವಾಗ ಎಷ್ಟು ನಾಜೂಕು! ಇಳಿಯೋವಾಗ ಮಾತ್ರ ಕಪ್ಪೆ. ನೆಗೆದು ಬಲಗಾಲ ಮೇಲೇ ಬೀಳ್ತೀಯ. ಬಾಗಿಲ ಹತ್ರ ಮೆಟ್ಟಲು ಇಲ್ವಾ? ಹಿಡ್ಕೊಂಡು, ನೋವಿಲ್ಲದ ಎಡಗಾಲು ಮುಂದಿಟ್ಟು ಇಳಿ."

"ಎಡಗಾಲಾ? ನೀರಾಕಿ ರಂಗೋಲಿ ಬುಟ್ಟಿರೋ ನೆಲದ ಮ್ಯಾಲೆ? ಅದೂ ಬೋಣಿ ಒತ್ನಲ್ಲಿ? ಯಾಪಾರಸ್ತರ ಲಕ್ಷ್ಮಿ ತುಳ್ದಂಗಾಯ್ತದೆ. ನನ್ ಕೈಲಾಗಕ್ಕಿಲ್ಲ ಸಾಬ್ರೇ."

ನಲವತ್ತು ಅಂಗಳಗಳಿಗೂ ದಿನವೂ ಸಲ್ಲಿಸುತ್ತ ಬಂದಿದ್ದ ಮರ್ಯಾದೆ ಅದು. ಮೆಟ್ಟಿಲಿನ ಮೇಲೆ ಕಾಲು ಬದಲಾದೀತೆಂಬ ಅಳುಕಿನಿಂದಲೇ ಅವನು ಮೆಟ್ಟಿಲನ್ನು ಬಿಟ್ಟು ನೆಗೆಯುತ್ತಿದ್ದುದು. ಸಾಹೇಬರು ನಗಲಿಲ್ಲ.

"ಮಸೀದಿಗೆ ಹೋಗೋವಾಗ ನಮಗೂ ಬಲಗಾಲೇ ಮೊದಲು ಕಣಣ್ಣ. ಈಚೆಗೆ ಬರೋವಾಗ ಎಡಗಾಲು. ನೀನು ನೆಗೆದಾಗ ನನ್ನಂಗಡಿ ಒಳಗೆ ಬರ್ತೀಯೋ, ನಿನ್ನ ವ್ಯಾನಿಂದ ಈಚೆಗೆ ಬರ್ತೀಯೋ? ಯೋಚನೆ ಮಾಡು."

ಪುಟ್ಟಮಲ್ಲಪ್ಪನು ಹರಿದ ಚಪ್ಪಲಿಯನ್ನೇ ಮೆಟ್ಟಿಕೊಂಡು ಎದ್ದನು. ನಿಧಾನವಾಗಿ ವ್ಯಾನು ನಡೆಸಿಕೊಂಡು ಹಿಂದಿರುಗುವಷ್ಟರಲ್ಲಿ ಸುದ್ದಿ ಫೋನಿನಲ್ಲಿ ಮುಂದಾಗಿಯೇ ಆಫೀಸು ತಲುಪಿತ್ತು. ಮಹದೇವಯ್ಯನವರು ಕಠಿಣ ಹೃದಯದವರಲ್ಲ. ಆದರೆ ಕುಂಟುವವನ ಕೈಗೆ ವ್ಯಾನು ಕೊಟ್ಟು ಪಾಪ ಕಟ್ಟಿಕೊಳ್ಳಲು ಸಿದ್ಧರಿರಲಿಲ್ಲ.

"ಬ್ರೇಕ್ ತುಳಿಯೋ ಕಾಲು ಕಣ್ಲಾ ಅದು! ಡಾಕ್ಟ್ರಿಗೆ ತೋರ್ಸು, ಹತ್ತು ದಿನ ಮನೇಲಿರು. ಆಮ್ಯಾಕೆ ಒಂದಿನ ಪೂರ್ತಿ ನಿನ್ನ ಪಕ್ಕ ನಾನೇ ಕುಂತ್ಕಂಡು ಬತ್ತೀನಿ. ಕಾಲು ತಡವರಿಸ್ತೋ, ಬೀಗದ ಕೈ ಆ ಇನ್ನೊಬ್ಬ ಡ್ರೈವರ್ ರಂಗರಾಜುಗೆ. ನೀನು ಗೋಡೌನಲ್ಲಿ ಚೀಟಿ ಅಂಟಿಸ್ಕಂಡಿರು."

ದಾರಿಯೇ ಬದುಕಾಗಿದ್ದವನಿಗೆ ನಾಲ್ಕು ಗೋಡೆಗಳ ನಡುವಿನ ಚೀಟಿ! ಡಾಕ್ಟರು ಮಂಡಿಯನ್ನು ಒತ್ತಿ ನೋಡಿ, ಮಾತ್ರೆ ಬರೆದು, ಸವೆದದ್ದು ಮರಳಿ ಬಾರದು, ಉಳಿದದ್ದನ್ನು ಕಾಪಾಡಿಕೊಳ್ಳಬೇಕು, ಎತ್ತರದಿಂದ ನೆಗೆಯಲೇಬಾರದು ಎಂದರು. ಮನೆಗೆ ಬಂದು, ಅಕ್ಕಿ ಆರಿಸುತ್ತ ಕುಳಿತಿದ್ದ ಮಲ್ಲಾಜಮ್ಮನಿಗೆ ನಡೆದುದನ್ನೆಲ್ಲ ಹೇಳಿದನು. ಸಾಹೇಬರ ಮಾತನ್ನೂ ಹೇಳಿ, "ಅದು ಅವರ ಮಸೀದಿ ಕಟ್ಲೆ. ನಮ್ಗೆ ಒಂದುತದಾ?" ಎಂದನು.

ಮಲ್ಲಾಜಮ್ಮ ಮೊರದಿಂದ ತಲೆಯೆತ್ತಲಿಲ್ಲ. "ವ್ಯಾನಲ್ಲಿ ಸ್ವಾಮಿ ಪಟ ಮಡಿಕಂಡು ದಿನಾ ಊದಿನಕಡ್ಡಿ ಅಚ್ತೀರಲ್ಲ, ಅದು ನಿಮ್ಗೆ ಗುಡಿ ಅಲ್ವಾ?"

"ಗುಡಿನೇ ಅನ್ನು."

"ಗುಡಿಯಿಂದ ಈಚ್ಗೆ ಬರೋರು ಸ್ವಾಮಿಗೆ ಬೆನ್ನು ಕೊಟ್ಟು ನೆಗೀತಾರಾ? ಮೊಕ ಸ್ವಾಮಿ ಕಡೀಕೇ ಮಡಿಕಂಡು ಇಂದಿಂದಕ್ಕೆ ಬತ್ತಾರೆ. ದಿನಕ್ಕೆ ನಲವತ್ತು ದಪ ಸ್ವಾಮಿಗೆ ಬೆನ್ನು ತೋರ್ಸುಬುಟ್ಟು, ಸೆಟ್ಟರ ರಂಗೋಲಿಗೆ ಎದ್ರುತಾರಂತೆ! ಅಂಗಡಿ ಒಸ್ಲಿಗೆ ಬಲಗಾಲು ಮಡಗಿ. ಯಾರು ಬ್ಯಾಡ ಅಂದೋರು?"

ತಾನು ಭಕ್ತಿಯೆಂದು ಹಿಡಿದಿದ್ದುದರಲ್ಲಿ ಅರ್ಧವನ್ನೇ ಹಿಡಿದಿದ್ದೆನೆಂಬ ಅರಿವು ಪುಟ್ಟಮಲ್ಲಪ್ಪನಿಗೆ ನೋವಿಗಿಂತ ಆಳವಾಗಿ ತಾಗಿತು. ಬಿಡುವಿನ ಕೊನೆಯ ಮೂರು ದಿನ ಆಫೀಸಿನ ಅಂಗಳದಲ್ಲಿ, ನಿಂತ ವ್ಯಾನಿನಲ್ಲಿ, ಇಳಿಯುವುದನ್ನು ಹೊಸದಾಗಿ ಕಲಿತನು. ಮುಖವನ್ನು ಪಟದ ಕಡೆಗೆ ತಿರುಗಿಸುವುದು. ಬಾಗಿಲ ಹಿಡಿಯನ್ನು ಒಂದು ಕೈಯಲ್ಲಿ, ಸೀಟಿನ ಅಂಚನ್ನು ಇನ್ನೊಂದರಲ್ಲಿ ಹಿಡಿಯುವುದು. ಮೆಟ್ಟಿಲ ಮೇಲೆ ಬಲಗಾಲಿರಿಸಿ, ಎಡಗಾಲನ್ನು ಮೆಲ್ಲನೆ ನೆಲಕ್ಕೆ ತರುವುದು. ಕಾಲು ಊರುವವರೆಗೂ ಕೈಬಿಡದಿರುವುದು. ಸರಕನ್ನು ತಾನಿಳಿದ ಮೇಲೆಯೇ ಎಳೆದುಕೊಳ್ಳುವುದು.

ಪರೀಕ್ಷೆಯ ದಿನ ಮಹದೇವಯ್ಯನವರು ಪಕ್ಕದಲ್ಲಿ ಕುಳಿತರು. ತೆರಕಣಾಂಬಿಯಲ್ಲಿ ಔಷಧದಂಗಡಿಯ ಸೋಮಯ್ಯ ಗಟ್ಟಿಯಾಗಿ ನಕ್ಕನು. "ಏನ್ಲಾ ಮಲ್ಲಪ್ಪ, ವ್ಯಾನಿಂದ ಇಳೀತಿದ್ದೀಯೋ, ಬಾವಿಗೆ ಇಳೀತಿದ್ದೀಯೋ?"

"ಬಾವಿಗೇ ಕಣ್ಲಾ. ನಿನ್ ಮಾತ್ರೆ ಡಬ್ಬ ಬೇಕಾ, ಬ್ಯಾಡ್ವಾ?"

ಒಂದು, ಹತ್ತು, ಇಪ್ಪತ್ತು ನಿಲುಗಡೆಗಳು ಕಳೆದವು. ಮಂಡಿ ನೋಯದೆ ಇರಲಿಲ್ಲ; ಆದರೆ ಕೈಕೊಡಲಿಲ್ಲ. ಪ್ರತಿ ಅಂಗಡಿಯ ಹೊಸ್ತಿಲ ಮುಂದೆ ಒಂದು ಕ್ಷಣ ನಿಂತು ಬಲಗಾಲನ್ನೇ ಒಳಗಿಟ್ಟನು. ಗುಂಡ್ಲುಪೇಟೆಯ ಕಡೆಯ ಅಂಗಡಿ ಮುಗಿದಾಗ ಎಂದಿಗಿಂತ ಅರ್ಧ ಗಂಟೆ ತಡವಾಗಿತ್ತು. ಮಹದೇವಯ್ಯನವರು ಗಡಿಯಾರ ನೋಡಿಕೊಂಡರು. ಕಾಫಿ ಕುಡಿಯೋಣವೆಂದು ಬಾಗಿಲು ತೆರೆದು, ಸ್ಥೂಲ ಶರೀರವನ್ನು ಮುಂದಕ್ಕೆ ಚಾಚಿ ನೆಗೆಯಲು ಅಣಿಯಾದರು.

"ತಡೀರಿ ಸಾವ್ಕಾರ್ರೇ! ತಿರುಕ್ಕಂಡು ಇಳೀರಿ!"

ಆ ಕೂಗಿಗೆ ಅವರು ಬೆಚ್ಚಿ, ತಿರುಗಿ, ಹಿಡಿದು, ಎಡಗಾಲಿಂದ ತಡವುತ್ತ ಇಳಿದರು. ನೆಲ ಸಿಕ್ಕಿದ ಮೇಲೆ ಪಂಚೆ ಸರಿಪಡಿಸಿಕೊಂಡು, "ಅರ್ಧ ಗಂಟೆ ತಡ ಆಯ್ತಲ್ಲ," ಎಂದರು.

"ಆಯ್ತು ಸಾವ್ಕಾರ್ರೇ."

"ನಾಳಿಂದ ಅರ್ಧ ಗಂಟೆ ಮುಂಚೆ ಬಂದು ಲೋಡ್ ಮಾಡ್ಸು. ಆ ರಂಗರಾಜುಗೂ ಇಳಿಯೋದು ಹೇಳ್ಕೊಡು ಕಣ್ಲಾ, ಕಪ್ಪೆ ತರ ನೆಗೀತಾನೆ ಅವ್ನೂವೆ."

ಬೀಗದ ಕೈ ಪುಟ್ಟಮಲ್ಲಪ್ಪನ ಜೇಬಿನಲ್ಲಿಯೇ ಉಳಿಯಿತು.

ಜಗದ ಭಾರವನ್ನೆಲ್ಲ ಹೊತ್ತೂ ದಣಿಯದ ಸ್ವಾಮಿಯು ಅವನ ಕೀಲುಗಳಲ್ಲಿ ಬಲವಾಗಿ ನೆಲಸಲಿ. ಮಲ್ಲಾಜಮ್ಮನ ಮುತ್ತೈದೆತನವೂ ನೇರ ನುಡಿಯೂ ನೂರ್ಕಾಲ ಬಾಳಲಿ. ಶಿವರಂಜಿನಿಗೆ ವಿದ್ಯೆ ಕೈಗೂಡಲಿ. ಆ ಮನೆಯವರು ಹೋದ ದಾರಿಯಲ್ಲೆಲ್ಲ ಕ್ಷೇಮವಿರಲಿ, ಸಂಜೆಯ ಊಟಕ್ಕೆ ಮೂವರೂ ಒಟ್ಟಿಗೆ ಕೂರುವ ಭಾಗ್ಯ ತಪ್ಪದಿರಲಿ.