ಸೊಪ್ಪಿನ ಮೇಲೆ ಮೂವತ್ತೊಂದು ಮುಖ

ಹೊಸಕೆರೆಕೊಪ್ಪಲಿನ ಕರೀಗೌಡ ಮೂರು ಬೇಸಗೆ ಒಬ್ಬನೇ ಬಂಡೆ ಒಡೆದು ಬಾವಿ ತೋಡಿದವನು. ನೀರು ಬಿದ್ದ ದಿನ ಊರಿಗೆ ಕೂಗಿ ಹೇಳಲಿಲ್ಲ. ಮೊದಲು ಎತ್ತುಗಳಿಗೆ ಕುಡಿಸಿದ. ಅವನ ಮಗ ಚೆಲುವೇಗೌಡ ಆ ಊರಲ್ಲಿ ಹೊಗೆಸೊಪ್ಪು ಬೇಯಿಸುವ ಮೊದಲ ಮನೆ, ಬ್ಯಾರನ್, ಕಟ್ಟಿದವನು. ಕಿಟಕಿಯಿಲ್ಲದ ಎತ್ತರದ ಮಣ್ಣಿನ ಗೋಡೆ. ಒಳಗೆ ಸೊಪ್ಪು ತೂಗುಹಾಕುವ ಗಳುಗಳು, ನೆಲದ ಮೇಲೆ ಬಿಸಿ ಹರಿಸುವ ಕಬ್ಬಿಣದ ಕೊಳವೆಗಳು. ಗೋಡೆಗೆ ಅಂಗೈ ಇಟ್ಟು ಒಳಗಿನ ಕಾವು ಎಷ್ಟೆಂದು ಹೇಳುತ್ತಿದ್ದ. ಅವನ ಹೆಂಡತಿ ದೊಡ್ಡತಾಯಮ್ಮ ಹಸಿ ಎಲೆಗಳನ್ನು ದಾರ ಸುತ್ತಿ ಕಡ್ಡಿಗೆ ಕಟ್ಟಲು ಕೂತರೆ ದಿನಕ್ಕೆ ನೂರು ಕಡ್ಡಿ. ಅವಳ ಗಂಟಿನಿಂದ ಒಂದು ಎಲೆ ಜಾರಿದ್ದನ್ನು ಕಂಡವರಿಲ್ಲ. ಮೂವರ ಹಟವೂ ಕೈಗುಣವೂ ಕೂಡಿ ಇಳಿದದ್ದು ದೊಡ್ಡತಾಯಮ್ಮನ ಮೊಮ್ಮಗಳು ಪವಿತ್ರಾಳಿಗೆ.

ಪವಿತ್ರಾ ಹುಣಸೂರಿನಲ್ಲಿ ಮಹದೇವಪ್ರಸಾದನ ಸ್ಟುಡಿಯೋದಲ್ಲಿ ಹನ್ನೆರಡು ವರ್ಷ ಮದುವೆ ವಿಡಿಯೋ ತೆಗೆದವಳು. ಅವಳ ಕ್ಯಾಮೆರಾ ತಾಳಿ ಕಟ್ಟುವ ಹೊತ್ತು ಮುಗಿದದ್ದೇ ತಡ, ಅಡಿಗೆಮನೆಯಲ್ಲಿ ಕಾಯಿ ತುರಿಯುವವರ ಕೈಗಳ ಕಡೆ ಹೊರಟುಬಿಡುತ್ತಿತ್ತು. 'ಮದ್ವೆ ಹೆಣ್ಣೆಲ್ಲಮ್ಮ, ತುರಿಮಣೆ ಕಾಣ್ತದಲ್ಲ' ಎಂದು ಮಹದೇವಪ್ರಸಾದ ರೇಗಿಸುತ್ತಿದ್ದ. ಇವಳು ಬಿಡಲಿಲ್ಲ. ಚಿತ್ರ, ವಿಡಿಯೋ, ಸದ್ದು ಮೂರನ್ನೂ ಒಂದೇ ಕಡ್ಡಿಗೆ ಕಟ್ಟುವುದನ್ನು ತಾನೇ ಕಲಿತಳು. ಈ ಕಸುಬಿಗೆ ಏನೆನ್ನುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲ, ಕೇಳಲೂ ಹೋಗಲಿಲ್ಲ.

ಈ ವರ್ಷದ ಸೊಪ್ಪು ಮುಗಿದ ಮೇಲೆ ತಾತನ ಬ್ಯಾರನ್ ಕೆಡವುವುದೆಂದು ಅಣ್ಣ ಕಾಂತರಾಜು ತೀರ್ಮಾನಿಸಿದ. ಗೋಡೆ ಬಿರಿದಿತ್ತು, ಅವನದು ತಪ್ಪಲ್ಲ. ಪವಿತ್ರಾ ಕೇಳಿದ್ದು ಒಂದೇ ಭಾನುವಾರ. ಆ ಬ್ಯಾರನ್ನಿಗೆ ಸೊಪ್ಪು ಕಟ್ಟಿದ ಮೂವತ್ತೊಂದು ಹೆಂಗಸರು ಇನ್ನೂ ಬದುಕಿದ್ದರು. ಅವರ ಕೈಗಳು ಗೋಡೆಯ ಮೇಲೆ ವಿಡಿಯೋದಲ್ಲಿ ಆಡಬೇಕು, ಮಾತು ಕೊಳವೆಯ ಬಾಯಿಂದ ಬರಬೇಕು, ಮುಖ ಹೊಗೆಸೊಪ್ಪಿನ ಮೇಲೆಯೇ ಮೂಡಬೇಕು. ಅಷ್ಟು ಕಂಡ ಮೇಲೆ ಸೋಮವಾರ ಜೆಸಿಬಿ ಬರಲಿ ಎಂದಳು. ಮನೆಮನೆಗೆ ಹೋಗಿ ಅವರ ಕೈ, ಮಾತು, ಮುಖ ಮೂರನ್ನೂ ಕ್ಯಾಮೆರಾದಲ್ಲಿ ಹಿಡಿದು ತಂದಳು.

ಎಲೆಯ ಮೇಲೆ ಮುಖ ಮೂಡಿಸುವುದು ತಾಳ್ಮೆಯ ಕೆಲಸ. ಹಸಿರೆಲೆಯ ಮೇಲೆ ಮುಖ ಅಚ್ಚಾದ ಪಾರದರ್ಶಕ ಹಾಳೆ, ಅದರ ಮೇಲೆ ಗಾಜು, ಆಮೇಲೆ ಬಿಸಿಲು. ಹಾಳೆಯ ಕಪ್ಪು ಮರೆಮಾಡಿದ ಕಡೆ ಹಸಿರು ಉಳಿಯುತ್ತದೆ, ಮಿಕ್ಕ ಕಡೆ ಬಿಸಿಲು ಹೀರಿಕೊಳ್ಳುತ್ತದೆ. ನಾಲ್ಕೈದು ದಿನಕ್ಕೆ ಕಣ್ಣು, ಮೂಗು, ಮೂಗುಬೊಟ್ಟು ಏಳುತ್ತವೆ. ಮೂವತ್ತೊಂದೂ ಎದ್ದವು.

ಅಷ್ಟರಲ್ಲಿ ಮೋಡ ಕವಿಯಿತು. ಎಲೆ ಇನ್ನೂ ಹಸಿ, ಬೂಷ್ಟು ಹಿಡಿದೀತೆಂಬ ಭಯ. ಪವಿತ್ರಾ ಯೋಚಿಸಲಿಲ್ಲ, ಕೈ ತಾನಾಗಿ ಹೋಯಿತು. ಮೂವತ್ತೊಂದನ್ನೂ ಕಡ್ಡಿಗೆ ಕಟ್ಟಿ, ಅಣ್ಣ ತುಂಬುತ್ತಿದ್ದ ಕೊನೆಯ ಸೊಪ್ಪಿನ ಜೊತೆ ಬ್ಯಾರನ್ನಿಗೆ ಏರಿಸಿಬಿಟ್ಟಳು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಇದಕ್ಕೇ. ಹೊಗೆಸೊಪ್ಪಿನ ಮನೆಯಲ್ಲಿ ಹುಟ್ಟಿದವಳಿಗೆ ಎಲೆ ಕಂಡರೆ ಬೇಯಿಸಬೇಕು, ಅಷ್ಟೇ. ಉರಿ ಹಾಕಿದ ಮೇಲೆ ಸೊಪ್ಪು ಹದವಾಗುವ ತನಕ ಬಾಗಿಲು ತೆಗೆಯುವ ಪದ್ಧತಿ ಇಲ್ಲ. ಆರನೆಯ ದಿನ ತೆಗೆದಾಗ ಎಲ್ಲ ಎಲೆಯೂ ಬಂಗಾರದ ಬಣ್ಣ. ಮುಖ ಉಳಿಸಿದ್ದ ಹಸಿರೇ ಬೆಂದು ಹೋಗಿ, ಒಂದರ ಮೇಲೂ ಮುಖವಿರಲಿಲ್ಲ.

ಕಾಂತರಾಜು ಎಲೆಯೊಂದನ್ನು ಬೆಳಕಿಗೆ ಹಿಡಿದು, 'ಒಳ್ಳೆ ಗ್ರೇಡ್ ಬಂದದೆ ಕಣವ್ವ' ಎಂದ. ತಂಗಿಯ ಮುಖ ನೋಡಿ ಎಲೆಯನ್ನು ಅವಳ ಕೈಗಿಟ್ಟ.

ಭಾನುವಾರಕ್ಕೆ ಒಂಬತ್ತು ದಿನವಿತ್ತು. ಹೊಲ ಖಾಲಿ. ಬದುವಿನ ಅಂಚಲ್ಲಿ ಉಳಿದ ಗಿಡಗಳಿಂದ ಎಲೆ ಕಿತ್ತು ತಂದಳು. ಬಿಸಿಲು ಅಂಗಳಕ್ಕೆ ಬಿದ್ದರೆ ಅಂಗಳಕ್ಕೆ, ಮಾಳಿಗೆಗೆ ಬಿದ್ದರೆ ಮಾಳಿಗೆಗೆ ಗಾಜು ಹೊತ್ತು ತಿರುಗಿದಳು. ಶನಿವಾರ ಸಂಜೆಗೆ ಹತ್ತೊಂಬತ್ತು ಮುಖ ಮೂಡಿದ್ದವು. ಹನ್ನೆರಡು ಬರಲಿಲ್ಲ. ಆ ಹನ್ನೆರಡರ ಜಾಗಕ್ಕೆ, ಕಡ್ಡಿಗೆ ಕಟ್ಟಿದ ಸಾಲಿನಿಂದ ಗುರುತು ಹಿಡಿದು, ಅವರವರ ಹಳೆಯ ಬಂಗಾರದೆಲೆಯನ್ನೇ, ಬರಿದಾಗಿಯೇ, ತೂಗುಹಾಕಿದಳು.

ಭಾನುವಾರ ಮಧ್ಯಾಹ್ನ ಹೆಂಗಸರು ಒಬ್ಬೊಬ್ಬರೇ ಕತ್ತಲ ಬ್ಯಾರನ್ನಿಗೆ ಬಗ್ಗಿ ಬಂದರು. ಗೋಡೆಯ ತುಂಬ ಆಳೆತ್ತರದ ಕೈಗಳು ದಾರ ಸುತ್ತುತ್ತಿದ್ದವು. ಎಲ್ಲರಿಗೂ ಹಿರಿಯಳಾದ ವೀರಮ್ಮ ಕೊಳವೆಗೆ ಕಿವಿಕೊಟ್ಟು ಕೂತಳು.

'ಯಾವಳೇ ಇವ್ಳು, ಈ ಪಾಟಿ ಬೈತಾವ್ಳೆ?'

'ನೀನೇ ಕಣಜ್ಜಿ' ಎಂದಳು ಪವಿತ್ರಾ.

'ನಾನಾ? ಮತ್ತೆ ಬೈದಿರೋದು ಸರಿಯಾಗೇ ಅದೆ ಬುಡು.' ಆಮೇಲೆ ಎದ್ದು ತನ್ನ ಎಲೆ ಹುಡುಕಿದಳು. ಪವಿತ್ರಾ ತೋರಿಸಿದಳು, ಅದು ಬರಿದಾಗಿತ್ತು. ಎಲೆಯ ತೊಟ್ಟನ್ನು ಬೆರಳಲ್ಲಿ ಸವರಿದಳು.

ಅದೇ ಹೊತ್ತಿಗೆ ಬಾಗಿಲಲ್ಲಿ ಮಹದೇವಪ್ರಸಾದ ನಿಂತಿದ್ದ, ಕಂಕುಳಲ್ಲಿ ಫ್ಲೆಕ್ಸಿನ ಸುರುಳಿ. ಬಾರದ ಹನ್ನೆರಡು ಮುಖ ಯಾವುವೆಂದು ಕಾಂತರಾಜುವಿನಿಂದ ತಿಳಿದು, ಸ್ಟುಡಿಯೋದಲ್ಲಿದ್ದ ಅವರ ಚಿತ್ರಗಳನ್ನು ಹಿಂದಿನ ರಾತ್ರಿಯೇ ಅಚ್ಚು ಹಾಕಿಸಿ ತಂದಿದ್ದ.

'ಎರಡೆರಡು ಮೊಳೆ ಹೊಡುದ್ರೆ ಮುಗೀತು. ಪಾಪ, ಅಜ್ಜಿ ನೋಡು, ಬರೀ ಎಲೆ ಮುಂದೆ ನಿಂತವ್ಳೆ. ನಾಳೆ ಈ ಗೋಡೆನೇ ಇರಲ್ಲ. ಹಟ ಯಾಕಮ್ಮ?'

ಕಾಂತರಾಜುವೂ, 'ಹಾಕ್ಸು ಪವಿ, ಸುತ್ತಿಗೆ ತತ್ತೀನಿ' ಎಂದ.

ಪವಿತ್ರಾ ವೀರಮ್ಮನ ಬೆರಳನ್ನೇ ನೋಡುತ್ತಿದ್ದಳು. ಆ ಬೆರಳು ತೊಟ್ಟಿನ ಗಂಟನ್ನು ತಡವಿ, ಬಿಗಿ ಸಾಲದೆನ್ನುವಂತೆ ಬಿಚ್ಚಿ, ಮತ್ತೆ ಬಿಗಿಯಾಗಿ ಕಟ್ಟುತ್ತಿತ್ತು.

'ಬ್ಯಾಡ ಕಣಣ್ಣ' ಎಂದಳು ಮಹದೇವಪ್ರಸಾದನ ಕಡೆ ತಿರುಗಿ. 'ನೀನು ಒಳ್ಳೇದಕ್ಕೇ ತಂದಿದ್ದೀಯ, ಇಲ್ಲ ಅನ್ನಲ್ಲ. ಆದ್ರೆ ಬೇಯ್ಸಿ ಕಳ್ಕೊಂಡವಳು ನಾನು. ಕಳ್ಕೊಂಡಿದ್ದೂ ಇಲ್ಲೇ ತೂಗಾಡ್ಲಿ, ಅವರು ನೋಡ್ಲಿ. ಬರೋ ವರ್ಷ ಸೊಪ್ಪು ಬತ್ತದೆ, ಬಿಸ್ಲೂ ಬತ್ತದೆ, ಆ ಹನ್ನೆರಡು ಮುಖಾನೂ ನಾನೇ ತರ್ತೀನಿ. ಸುತ್ತಿಗೆ ಬ್ಯಾಡ, ಮೊಳೆ ಬ್ಯಾಡ. ಒಳಕ್ಕೆ ಬೆಳಕು ನುಗ್ತಾ ಅದೆ, ಆ ಬಾಗ್ಲು ಮುಚ್ಕೊಂಡು ಬಂದು ಕೂತ್ಕೊ.'